ಹತ್ತೊಂಬತ್ತನೆಯವನಾಗಿ ಬಂದ ಬೆಳಗಾವಿಯ ಫಡೆಪ್ಪ

ನನ್ನ ತಂಗಿಯನ್ನು ಮಸಿನಗುಡಿಗೆ ಕೊಟ್ಟಿದ್ದೇವೆ. ಊರು ತಮಿಳುನಾಡಿನ ನೀಲಗಿರಿ ಜಿಲ್ಲೆಗೆ ಸೇರಿದ್ದು. ಆದರೆ ಪೇಟೆ ಬೀದಿಯಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ತಮಿಳು, ಬಡಗ, ಮಲಯಾಳ ಎಲ್ಲವೂ ಕಿವಿಗೆ ಬೀಳ್ತವೆ. ಕಡ್ಲೆಕಾಯಿ ಕಿತ್ತು ಮಾರಿದ ಮೇಲೆ ನಾಲ್ಕು ದಿನ ಅಲ್ಲಿಗೆ ಹೋಗಿ ಬರೋದು ನನ್ನ ರೂಢಿ.

ಈ ಸಲ ಹೋದಾಗ ತಂಗಿಯ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಊಟಿಯಲ್ಲಿ ನಡೆಯೋ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದಾಳೆ. ಮೊದಲ ವಾರವೇ ಪ್ರಾಣ ಬಿಟ್ಟು ಓಡಿ ಮೊಣಕಾಲ ಕೆಳಗೆ ನೋವು ತಂದುಕೊಂಡಿದ್ದಾಳೆ. ಅವಳ ಅಪ್ಪ ಅಂಗಡಿ ವ್ಯಾಪಾರಿ, ಎಲ್ಲದಕ್ಕೂ ಲಾಭ ನಷ್ಟದ ಲೆಕ್ಕ ಹಾಕೋ ಮನುಷ್ಯ. ಗೆಲ್ಲೋದಿಲ್ಲ ಅಂದ ಮೇಲೆ ಓಡಿ ಏನು ಪ್ರಯೋಜನ ಅನ್ನೋದು ಅವರ ವಾದ. ಹೆಸರು ವಾಪಸ್ ತಗೋತೀನಿ ಅಂತ ಹುಡುಗಿ ಹಟ ಹಿಡಿದಿದ್ದಳು. ಆ ರಾತ್ರಿ ಊಟ ಆದ ಮೇಲೆ ಅಪ್ಪ ಮಗಳು ಇಬ್ಬರನ್ನೂ ಕೂರಿಸಿಕೊಂಡು ನಾನು ಹೇಳಿದ್ದು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಕಥೆ. ಗಡಿ ಭಾಗದ ನಾವೆಲ್ಲ ತಿಳಿದಿರಬೇಕಾದ ಕಥೆ ಅದು. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಚೌಗುಲೆಯವರು ಹುಟ್ಟಿದ್ದು 1902ರಲ್ಲಿ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅವರ ಹೆಸರನ್ನೇ ನೋಡಿ. ಫಡೆಪ್ಪ, ದರೆಪ್ಪ ಎರಡೂ ನಮ್ಮ ಕಡೆಯ ಅಪ್ಪನ ಹೆಸರುಗಳು. ಚೌಗುಲೆ ಅನ್ನೋದು ಹಳ್ಳಿಯಲ್ಲಿ ಪಾಟೀಲನ ಕೈಕೆಳಗೆ ಕೆಲಸ ನೋಡುತ್ತಿದ್ದವನ ಹುದ್ದೆ. ಆ ಅಡ್ಡಹೆಸರು ಗಡಿಯ ಈಚೆಗೂ ಇದೆ, ಆಚೆಗೂ ಇದೆ. ಇಂಥ ಹೆಸರಿನ ಮಧ್ಯೆ ಗೆರೆ ಎಳೆದು ಇದು ನಿಮ್ಮದು ಅದು ನಮ್ಮದು ಅಂತ ಹಂಚೋಕೆ ಆಗೋದಿಲ್ಲ.

ಪುಣೆಯಲ್ಲಿ ಡೆಕ್ಕನ್ ಜಿಮ್ಖಾನಾ ಅನ್ನೋ ಸಂಸ್ಥೆ 1906ರಲ್ಲಿ ಶುರುವಾಯ್ತು. ಅಲ್ಲಿನ ಕ್ರೀಡಾಕೂಟಗಳಿಗೆ ಡೆಕ್ಕನ್ನಿನ ಹಳ್ಳಿಗಳಿಂದ ಹುಡುಗರು ಬಂದು ಓಡ್ತಿದ್ದರು. 1919ರ ಕೂಟಕ್ಕೆ ಅಧ್ಯಕ್ಷರಾಗಿ ಬಂದವರು ಜಮ್ಶೆಡ್‌ಜಿ ಟಾಟಾ ಅವರ ಹಿರಿಯ ಮಗ ಸರ್ ದೊರಾಬ್ಜಿ ಟಾಟಾ. ಆ ಓಟಗಾರರಲ್ಲಿ ಹೆಚ್ಚಿನವರು ರೈತರ ಮಕ್ಕಳು, ಕಾಲಿಗೆ ಬೂಟು ಇಲ್ಲ, ಹೇಳಿಕೊಡೋ ಗುರು ಇಲ್ಲ. ಆದರೂ ಅವರು ತಗೊಂಡ ಸಮಯ ಯುರೋಪಿನವರಿಗೆ ಅಷ್ಟೇನೂ ದೂರ ಇರಲಿಲ್ಲ ಅನ್ನೋದು ದೊರಾಬ್ಜಿಯವರ ಕಣ್ಣಿಗೆ ಬಿತ್ತು. 1929ರಲ್ಲಿ ಬರೆದ ಒಂದು ಪತ್ರದಲ್ಲಿ ಅವರೇ ಇದನ್ನು ನೆನೆಸಿಕೊಂಡಿದ್ದಾರೆ.

ಮರುವರ್ಷ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣದಲ್ಲಿ ಒಲಿಂಪಿಕ್ಸ್ ಇತ್ತು. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷ ಆಗಿತ್ತಷ್ಟೆ. ಇಲ್ಲಿಂದಲೂ ಓಟಗಾರರನ್ನು ಕಳಿಸೋಣ ಅಂತ ದೊರಾಬ್ಜಿ ಮುಂದೆ ಬಂದರು, ತಮ್ಮ ಕೈಯಿಂದಲೇ ದುಡ್ಡು ಹಾಕಿದರು. ನಮ್ಮವರಿಗೆ ಆಗ ಈ ವಿದ್ಯೆ ಎಷ್ಟು ಹೊಸದು ಅನ್ನೋದಕ್ಕೆ ಒಂದು ಪ್ರಸಂಗ ಇದೆ. ಆಯ್ಕೆ ಸಮಿತಿಯಲ್ಲಿ ನೂರು ಮೀಟರ್ ಓಟಕ್ಕೆ ಎಷ್ಟು ಸಮಯ ಬೇಕು ಅಂತ ಮಾತು ಬಂದಾಗ, ಒಬ್ಬ ಸದಸ್ಯರು ಒಂದೆರಡು ನಿಮಿಷ ಅಂದರಂತೆ. ಅದು ನಿಮಿಷದ ಲೆಕ್ಕ ಅಲ್ಲ, ಸೆಕೆಂಡಿನ ಲೆಕ್ಕ ಅಂದಾಗ ಅವರು ಬೆರಗಾದರಂತೆ. ನಗಬೇಡಿ. ಕೊಳವೆಬಾವಿ ಹೊಸದಾಗಿ ಬಂದಾಗ ನಾವೂ ಹೀಗೇ ಇದ್ದೆವು.

ಕೊನೆಗೆ ನಾಲ್ಕು ಜನ ಓಟಗಾರರು, ಇಬ್ಬರು ಕುಸ್ತಿಪಟುಗಳು, ಒಟ್ಟು ಆರು ಜನರ ತಂಡ 1920ರಲ್ಲಿ ಹಡಗು ಹತ್ತಿತು. ಇದಕ್ಕೂ ಮೊದಲು 1900ರಲ್ಲಿ ನಾರ್ಮನ್ ಪ್ರಿಚರ್ಡ್ ಒಬ್ಬರೇ ಪ್ಯಾರಿಸ್ಸಿನಲ್ಲಿ ಓಡಿದ್ದರು. ಭಾರತದಿಂದ ತಂಡ ಅಂತ ಹೋಗಿದ್ದು ಇದೇ ಮೊದಲು. ಅದರಲ್ಲಿ ಹದಿನೆಂಟರ ಆಸುಪಾಸಿನ ಬೆಳಗಾವಿ ಹುಡುಗ ಫಡೆಪ್ಪ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಚೌಗುಲೆಯವರ ಹೆಸರು ಎರಡು ಓಟಕ್ಕೆ ಇತ್ತು. ಒಂದು ಹತ್ತು ಸಾವಿರ ಮೀಟರ್, ಅಂದರೆ ನಮ್ಮ ಹುಡುಗಿ ಓಡಬೇಕಾದ ಅಷ್ಟೇ ದೂರ. ಇನ್ನೊಂದು ಮ್ಯಾರಥಾನ್. ಹತ್ತು ಸಾವಿರದಲ್ಲಿ ಅವರು ಮೊದಲ ಸುತ್ತನ್ನೇ ದಾಟಲಿಲ್ಲ. ಹಡಗು ಹತ್ತಿ ಅಷ್ಟು ದೂರ ಬಂದು, ಮೊದಲ ಪರೀಕ್ಷೆಯಲ್ಲೇ ಹೀಗಾದರೆ ಮನಸ್ಸು ಎಷ್ಟು ಕುಗ್ಗುತ್ತೆ! ಊರಿಗೆ ಏನು ಮುಖ ತೋರಿಸಲಿ ಅಂತ ನನ್ನಂಥವನಾದರೆ ಚಾಪೆ ಸುತ್ತಿಕೊಂಡು ಮಲಗುತ್ತಿದ್ದೆ.

ಅದೇ ಆಗಸ್ಟ್ 22ರಂದು ಮ್ಯಾರಥಾನ್. ಅವತ್ತು ಮಳೆ, ಚಳಿ. ದೂರವೋ 42.75 ಕಿಲೋಮೀಟರ್. ಈಗಿನ 42.195 ಕಿಲೋಮೀಟರ್ ಅಳತೆ ಆಗಿನ್ನೂ ಕಾಯಂ ಆಗಿರಲಿಲ್ಲ. ಹಾಗಾಗಿ ಅವತ್ತಿನವರು ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಓಡಿದರು. ತಂಡದ ಇನ್ನೊಬ್ಬ ಓಟಗಾರ ಸದಾಶಿವ ದಾತಾರ್ ದಾರಿಯಲ್ಲೇ ನಿಲ್ಲಿಸಬೇಕಾಯ್ತು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಗೆದ್ದರು. ನಮ್ಮ ಫಡೆಪ್ಪ ಮುಗಿಸಿದ್ದು 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ, ಹತ್ತೊಂಬತ್ತನೆಯವರಾಗಿ. ಗೆದ್ದವರಿಗಿಂತ ಹದಿನೆಂಟು ನಿಮಿಷ ಹಿಂದೆ.

ಪದಕ ಇಲ್ಲ, ಹಾರ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಒಂದೊಂದು ಕಿಲೋಮೀಟರಿಗೆ ಸರಿಸುಮಾರು ನಾಲ್ಕೇ ನಿಮಿಷ. ಹಾಗೆ ನಲವತ್ತೆರಡು ಮುಕ್ಕಾಲು ಸಲ, ಪರದೇಶದ ಮಳೆಯಲ್ಲಿ! ಹತ್ತು ಕಿಲೋಮೀಟರಿನಲ್ಲಿ ಸುತ್ತು ದಾಟದವನು ಅದರ ನಾಲ್ಕು ಪಟ್ಟು ದೂರವನ್ನು ಮುಗಿಸಿದ. ಮುಂದೆ 1976ರಲ್ಲಿ ಮಾಂಟ್ರಿಯಲ್ಲಿನಲ್ಲಿ ಶಿವನಾಥ್ ಸಿಂಗ್ ಹನ್ನೊಂದನೆಯವರಾಗಿ ಬಂದರು ಅಂತ ನಾವು ಹೆಮ್ಮೆಪಡ್ತೀವಿ. ಪಡಲೇಬೇಕು. ಆ ಸಾಲಿನ ಮೊದಲ ಹೆಜ್ಜೆ ಬೆಳಗಾವಿಯದು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿ ದೊರಾಬ್ಜಿ ಅದರ ಮೊದಲ ಅಧ್ಯಕ್ಷರಾದದ್ದೂ ಈ ಆರು ಜನರ ಪ್ರಯಾಣದ ಮುಂದುವರಿಕೆಯೇ.

ಇಷ್ಟು ಹೇಳಿ ಭಾವನಿಗೆ ನಾನು ತೆಲುಗಿನ ಎರಡು ಮಾತು ತಿಳಿಸಿದೆ. ತೆಲುಗಿನಲ್ಲಿ ಪರುಗು ಅಂದರೆ ಓಟ, ಪರುವು ಅಂದರೆ ಮರ್ಯಾದೆ. ಬಾಯಲ್ಲಿ ಎರಡೂ ಹತ್ತಿರ ಹತ್ತಿರ. ನಾವು ಮಕ್ಕಳ ಪರುಗನ್ನು ನೋಡೋದು ಬಿಟ್ಟು ನಮ್ಮ ಪರುವಿನ ಚಿಂತೆ ಮಾಡ್ತೀವಿ. ಗೆದ್ದರೆ ಮಾತ್ರ ಮರ್ಯಾದೆ ಅಂತ ಆಗ ಊರವರು ತಿಳಿದಿದ್ದರೆ ಫಡೆಪ್ಪ ಪುಣೆಗೂ ಹೋಗುತ್ತಿರಲಿಲ್ಲ. ಭಾವ ಉತ್ತರ ಕೊಡಲಿಲ್ಲ. ಎದ್ದು ಹೋಗಲೂ ಇಲ್ಲ.

ಹುಡುಗಿಗೆ ನಾನು ಹೇಳಿದ್ದು ರೈತನ ಬುದ್ಧಿ. ಹೊಸ ಹೋರಿಗೆ ನೊಗ ಹೂಡಿದ ದಿನವೇ ಯಾರೂ ಎರಡು ಎಕರೆ ಉಳಿಸೋದಿಲ್ಲ. ಮೊದಲು ಬರೀ ನೊಗ, ಆಮೇಲೆ ಖಾಲಿ ಗಾಡಿ, ಆಮೇಲೆ ಅರೆ ಹೊರೆ. ಓಟ ಕಲಿಸೋರು ಈಗ ಹೇಳೋದೂ ಇದನ್ನೇ. ಪಕ್ಕದವರ ಜೊತೆ ಮಾತಾಡೋಕೆ ಉಸಿರು ಉಳಿಯುವಷ್ಟು ನಿಧಾನಕ್ಕೆ ಓಡಬೇಕು. ಸುಸ್ತಾದರೆ ನಡೆಯೋದಕ್ಕೆ ನಾಚಿಕೆ ಬೇಡ. ದೂರವನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಓಡಿದ ಮರುದಿನ ಕಾಲಿಗೆ ವಿಶ್ರಾಂತಿ ಕೊಡಬೇಕು, ನೋವಿದ್ದರೆ ಅದು ಆರೋವರೆಗೂ ಕಾಯಬೇಕು.

ಅವಳಿಗೆ ಇನ್ನೂ ಎರಡು ತೊಡಕು ಇವೆ. ಒಂದು ಆನೆ. ಮೋಯಾರ್ ರಸ್ತೆಯಲ್ಲಿ ಬೆಳಗು ಹರಿಯೋ ಮೊದಲು ಓಡೋ ಹಾಗಿಲ್ಲ. ಬಿಸಿಲು ಬಂದು ಜನ ಓಡಾಡೋಕೆ ಶುರುವಾದ ಮೇಲೆ, ಅದೂ ಊರೊಳಗೆ, ಒಂಟಿಯಾಗಿ ಅಲ್ಲ. ಇನ್ನೊಂದು ಊಟಿಯ ಎತ್ತರ. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿನ 36 ತಿರುವು ಹತ್ತಿದರೆ ಸಿಗೋ ಊಟಿ ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲಿದೆ. ಅಲ್ಲಿ ಗಾಳಿ ತೆಳು, ಉಸಿರು ಬೇಗ ಏರುತ್ತೆ. ಕೆಳಗೆ ಓಡಿದ ವೇಗದಲ್ಲಿ ಮೇಲೆ ಓಡ್ತೀನಿ ಅಂತ ಹೊರಟರೆ ಅರ್ಧ ದಾರಿಗೇ ಕೂರಬೇಕಾಗುತ್ತೆ. ಶುರುವಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದರೂ ಚಿಂತೆ ಇಲ್ಲ, ನಿನ್ನ ಹೆಜ್ಜೆ ನೀನು ಬಿಡಬೇಡ ಅಂತ ಹೇಳಿದ್ದೇನೆ.

ಹೆಸರು ವಾಪಸ್ ತಗೊಳ್ಳೋ ಮಾತು ನಿಂತಿದೆ. ಕಾಲುನೋವು ಕಡಿಮೆ ಆಗಿ ಈಗ ಮೂರು ಕಿಲೋಮೀಟರ್ ಮುಟ್ಟಿದ್ದಾಳಂತೆ. ಓಟ ಬರೋ ತಿಂಗಳು. ಅವಳು ಎಷ್ಟನೆಯವಳಾಗಿ ಬರ್ತಾಳೋ ಗೊತ್ತಿಲ್ಲ. ಬಹುಮಾನ ಕೊಟ್ಟು ಮುಗಿದರೂ ಸರಿ, ಜನ ಚದುರಿದರೂ ಸರಿ, ಮಗಳು ಬರೋವರೆಗೂ ಗೆರೆಯ ಹತ್ತಿರ ನಿಂತಿರಬೇಕು ಅಂತ ಭಾವನ ಕೈಲಿ ಮಾತು ತಗೊಂಡು ಬಂದಿದ್ದೇನೆ. ಅವತ್ತು ನಾನೂ ಅಲ್ಲಿರ್ತೀನಿ.