ಬಿ. ಎಂ. ಶ್ರೀಕಂಠಯ್ಯ

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು (ಜನವರಿ 3, 1884 – ಜನವರಿ 5, 1946) ಕನ್ನಡದ ಕವಿ, ನಾಟಕಕಾರ ಹಾಗೂ ಇಂಗ್ಲಿಷ್ ಪ್ರಾಧ್ಯಾಪಕರು. ಬಿ.ಎಂ.ಶ್ರೀ ಎಂದೇ ಪ್ರಸಿದ್ಧರು. ಜನನ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ.

ಮದರಾಸಿನಲ್ಲಿ ಬಿ.ಎಲ್. ಹಾಗೂ ಎಂ.ಎ. ಪದವಿಗಳನ್ನು ಪಡೆದ ಅವರು ವಕೀಲಿಯನ್ನು ಹಿಡಿಯದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ವಿದ್ಯಾವಂತರು ಕನ್ನಡವನ್ನು ಕಡೆಗಣಿಸಿದ್ದ ಕಾಲವದು. 1911ರಲ್ಲಿ ಧಾರವಾಡದಲ್ಲಿ ಅವರು ಮಾಡಿದ ಭಾಷಣ, ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತದ್ದು. ಅದನ್ನು ಹೇಳಿದವರು ಇಂಗ್ಲಿಷ್ ಮೇಷ್ಟ್ರು ಎಂಬುದು ಗಮನಾರ್ಹ.

1926ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಸಚಿವರಾಗಿದ್ದರು. ಕವಿಯನ್ನು ನೆನೆಯುವವರು ಈ ಕಚೇರಿಯ ದುಡಿಮೆಯನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಕನ್ನಡ ಎಂ.ಎ. ತರಗತಿ ಆರಂಭವಾದದ್ದು ಈ ಅವಧಿಯಲ್ಲೇ, 1927ರಲ್ಲಿ. ಕಡತಗಳ ನಡುವೆಯೇ 'ಗದಾಯುದ್ಧ ನಾಟಕಂ', 'ಅಶ್ವತ್ಥಾಮನ್' ಹೊರಬಂದವು. ಇಂಗ್ಲಿಷ್ ಕವಿತೆಗಳ ರೂಪಾಂತರವಾದ 'ಇಂಗ್ಲಿಷ್ ಗೀತಗಳು' ನವೋದಯ ಕಾವ್ಯಕ್ಕೆ ಹೊಸ ಛಂದೋಲಯಗಳನ್ನು ಒದಗಿಸಿತು. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನ ಕಾರ್ಯದಲ್ಲೂ ಮುಖ್ಯ ಪಾತ್ರ ವಹಿಸಿದರು. ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಕನ್ನಡ ಪರೀಕ್ಷೆಗಳನ್ನು ಬಳಕೆಗೆ ತಂದರು. ನಿವೃತ್ತಿಯ ಬಳಿಕ ಧಾರವಾಡದ ಕೆ.ಇ. ಬೋರ್ಡಿನ ಕಲಾ ಕಾಲೇಜಿನ ಪ್ರಾಂಶುಪಾಲರಾಗಿ ತೆರಳಿದರು. 35 ವರ್ಷಗಳ ಹಿಂದೆ ಭಾಷಣ ಮಾಡಿದ್ದ ಅದೇ ಊರಿನಲ್ಲಿ ನಿಧನರಾದರು.