ಚಿತ್ರದಲ್ಲಿ ಕಾಣದ ಜೇಮ್ಸ್ ವಾಟ್

ಜೇಮ್ಸ್ ವಾಟನ ಭಾವಚಿತ್ರವನ್ನು ಪುಸ್ತಕಗಳಲ್ಲಿ ಕಾಣದ ವಿದ್ಯಾರ್ಥಿಗಳು ವಿರಳ. ಬ್ರೇಡಾ, ಲಾರೆನ್ಸ್ ಮೊದಲಾದ ಕಲಾವಿದರು ಅವನ ಚಿತ್ರ ಬರೆದರು. ಲೋಹದ ತಗಡಿನ ಮೇಲೆ ಗೆರೆಗೆರೆಯಾಗಿ ಕೊರೆದು ಅಚ್ಚುಹಾಕಿದ ಅವನ ಚಿತ್ರಗಳು ದೇಶದೇಶಗಳಿಗೆ ಹರಡಿದವು. 1792ರಲ್ಲಿ ಬ್ರೇಡಾನ ಮುಂದೆ ಕುಳಿತಾಗ ಅವನಿಗೆ ಐವತ್ತಾರು ವರ್ಷ. ಕೀರ್ತಿ, ಐಶ್ವರ್ಯ ಎರಡೂ ಒಲಿದಿದ್ದವು. ಆದರೆ ನನ್ನ ಮನಸ್ಸನ್ನು ಸೆಳೆದವನು ಆ ಶಾಂತಮುಖದ ಗೃಹಸ್ಥನಿಗಿಂತ ಅವನ ಹಿಂದಿನ ಕೆಲಸಗಾರ.

1736ರ ಜನವರಿ 19ರಂದು ಸ್ಕಾಟ್ಲೆಂಡಿನ ಗ್ರೀನಾಕ್ ಎಂಬ ಬಂದರಿನಲ್ಲಿ ವಾಟ್ ಜನಿಸಿದನು. ಬಾಲ್ಯದಲ್ಲಿ ಅಶಕ್ತನಾಗಿದ್ದುದರಿಂದ ತಾಯಿಯೇ ಮನೆಯಲ್ಲಿ ಪಾಠ ಹೇಳಿದಳು. ತಂದೆಯ ಕಾರ್ಯಾಗಾರದಲ್ಲಿ ಹತ್ಯಾರಗಳು ಕೈಗೆ ಹತ್ತಿದವು. ಲಂಡನ್ನಿನಲ್ಲಿ ಒಂದು ವರ್ಷ ಉಪಕರಣ ತಯಾರಿಕೆ ಕಲಿತು, 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳ ರಿಪೇರಿಗೆ ನಿಂತನು. ಅಲ್ಲಿ ಅವನು ವಿದ್ಯಾರ್ಥಿಯಾಗಿರಲಿಲ್ಲ. ಆದರೂ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕನಂತಹವರು ಅವನ ಸ್ನೇಹಿತರಾದರು.

ಉಗಿಯಂತ್ರವನ್ನು ಮೊದಲು ಕಂಡುಹಿಡಿದವನು ವಾಟನೇ ಎಂಬ ನಂಬಿಕೆ ಸರಿಯಲ್ಲ. ಡಾರ್ಟ್‌ಮತ್ ಊರಿನ ಕಬ್ಬಿಣದ ವ್ಯಾಪಾರಿ ಥಾಮಸ್ ನ್ಯೂಕೊಮೆನ್ 1712ರಲ್ಲಿಯೇ ಗಣಿಯ ನೀರೆತ್ತುವ ಯಂತ್ರವನ್ನು ನಡೆಸಿದ್ದನು. ಅದರ ಪುಟ್ಟ ಮಾದರಿಯೊಂದು 1763–64ರ ಚಳಿಗಾಲದಲ್ಲಿ ವಾಟನ ಬಳಿಗೆ ರಿಪೇರಿಗೆ ಬಂದಿತು. ಅದು ನಾಲ್ಕಾರು ಸಲ ಆಡಿ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಉಗಿಯನ್ನು ನೀರಾಗಿಸಲು ಸಿಲಿಂಡರಿನೊಳಗೇ ತಣ್ಣೀರು ಚಿಮ್ಮಿಸಬೇಕು. ತಣ್ಣಗಾದ ಸಿಲಿಂಡರನ್ನು ಮತ್ತೆ ಕಾಯಿಸುವುದರಲ್ಲೇ ಉಗಿಯ ಬಹುಭಾಗ ವ್ಯರ್ಥ. 1765ರ ಒಂದು ಭಾನುವಾರ ಬಯಲಿನಲ್ಲಿ ಅಡ್ಡಾಡುತ್ತಿದ್ದಾಗ ವಾಟನಿಗೆ ಉಪಾಯ ಹೊಳೆಯಿತು. ಉಗಿಯನ್ನು ಬೇರೊಂದು ಪಾತ್ರೆಗೆ ಸೆಳೆದು ತಣಿಸಿದರೆ ಸಿಲಿಂಡರು ಸದಾ ಬಿಸಿಯಾಗಿಯೇ ಇರುವುದಲ್ಲವೇ?

ಆ ಉಪಾಯ ಗಣಿಯಲ್ಲಿ ಕೆಲಸಕ್ಕೆ ಬರಲು ಹನ್ನೊಂದು ವರ್ಷ ಹಿಡಿಯಿತು. 1769ರಲ್ಲಿ ಪೇಟೆಂಟ್ ದೊರೆತರೂ ಕೈಯಲ್ಲಿ ಹಣವಿರಲಿಲ್ಲ. ನೆರವಾಗಿದ್ದ ರೋಬಕ್ ದಿವಾಳಿಯಾದನು. ಹೊಟ್ಟೆಪಾಡಿಗಾಗಿ ವಾಟ್ ಕಾಲುವೆಗಳ ಮೋಜಣಿ ಮಾಡಿದನು. 1773ರಲ್ಲಿ ಅದೇ ಕೆಲಸದ ಮೇಲೆ ದೂರ ಹೋಗಿದ್ದಾಗ ಪತ್ನಿ ಮಾರ್ಗರೆಟ್ ತೀರಿಕೊಂಡಳು. ಕೊನೆಗೆ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ನನ ಬಂಡವಾಳವೂ ಜಾನ್ ವಿಲ್ಕಿನ್ಸನ್ ನಿಖರವಾಗಿ ಕೊರೆದುಕೊಟ್ಟ ಸಿಲಿಂಡರೂ ಕೂಡಿ, 1776ರಲ್ಲಿ ಯಂತ್ರ ನಡೆಯಿತು. ಅದರಿಂದ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯ ಮೂರನೆಯ ಒಂದು ಭಾಗವೇ ಪಾಲುದಾರರು ಕೇಳಿದ ಶುಲ್ಕ.

1819ರ ಆಗಸ್ಟ್ 25ರಂದು ವಾಟ್ ನಿಧನನಾದನು. 2011ರಲ್ಲಿ ಇಂಗ್ಲೆಂಡಿನ 50 ಪೌಂಡಿನ ನೋಟಿನ ಮೇಲೂ ಬೋಲ್ಟನ್ನನ ಜೊತೆಗೆ ಅವನ ಮುಖ ಮೂಡಿತು. ನ್ಯೂಕೊಮೆನ್ನನದೆಂದು ನಂಬಬಹುದಾದ ಚಿತ್ರವೊಂದೂ ಉಳಿದಿಲ್ಲ. ಚಿತ್ರ ಉಳಿಯುವುದು ಎಲ್ಲರ ಭಾಗ್ಯವಲ್ಲ, ಕೆಲಸ ಉಳಿಯುತ್ತದೆ. ನಮ್ಮಲ್ಲಿ ಅನೇಕರು ಕೈಕೆಲಸದಿಂದಲೇ ಬಾಳುವ ಮನೆಗಳಿಂದ ಬಂದವರು. ಕೈಯ ಕೆಲಸಕ್ಕೂ ವಿದ್ಯೆಗೂ ನಡುವೆ ಗೋಡೆಯಿಲ್ಲವೆಂಬುದನ್ನು ನಾನು ವಾಟನ ಜೀವನದಿಂದ ತಿಳಿದೆನು.