ಜಕಣಾಚಾರಿಯ ಉಳಿ

ತುಮಕೂರಿಂದ ಕುಣಿಗಲ್ ರಸ್ತೆ ಹಿಡಿದು ಹೊರಟರೆ ಸ್ವಲ್ಪ ಹೊತ್ತಿಗೇ ಗೂಳೂರು ಬರುತ್ತೆ. ದೊಡ್ಡ ಗಣೇಶನ ಊರು ಅಂತ ಎಲ್ಲರಿಗೂ ಗೊತ್ತು. ಅದರ ಹತ್ತಿರವೇ ಕೈದಾಳ. ಅಮರಶಿಲ್ಪಿ ಜಕಣಾಚಾರಿ ಹುಟ್ಟಿದ್ದು ಇಲ್ಲೇ ಅಂತ ಜನ ಹೇಳ್ತಾರೆ. ತುಮಕೂರಿಂದ ಹತ್ತು ಕಿಲೋಮೀಟರೂ ಆಗಲ್ಲ. ಆದ್ರೂ ನಮ್ಮ ಬ್ಯಾಚಿನಲ್ಲಿ ಬೇಲೂರಿಗೆ ಟ್ರಿಪ್ ಹೋದವರು ಬಸ್ಸುಗಟ್ಟಲೆ, ಕೈದಾಳ ನೋಡಿದವರು ಬೆರಳೆಣಿಕೆ.

ಆಗ ಊರಿನ ಹೆಸರು ಕ್ರೀಡಾಪುರ. ಜಕಣ ಅಲ್ಲಿನ ಶಿಲ್ಪಿಗಳ ಮನೆ ಹುಡುಗ. ಮದುವೆಯಾಯ್ತು, ಆದರೆ ಸಂಸಾರಕ್ಕಿಂತ ಕಲ್ಲಿನ ಹುಚ್ಚು ಜಾಸ್ತಿ. ಬಸುರಿ ಹೆಂಡತಿಯನ್ನು ಬಿಟ್ಟು ಉಳಿ ಸುತ್ತಿಗೆ ಹಿಡಿದು ಹೊರಟವನು ಎಷ್ಟೋ ವರ್ಷ ವಾಪಸ್ ಬರಲೇ ಇಲ್ಲ. ಊರೂರು ತಿರುಗಿದ, ಗುಡಿ ಮೇಲೆ ಗುಡಿ ಕಟ್ಟಿದ, ಹೆಸರಾಯ್ತು, ಕೊನೆಗೆ ಹೊಯ್ಸಳ ವಿಷ್ಣುವರ್ಧನನ ಬೇಲೂರಿಗೆ ಬಂದ. ಕಥೆ ಹೇಳುವವರು ಈ ಭಾಗವನ್ನು ಬೇಗ ಮುಗಿಸ್ತಾರೆ. ಆ ಹೆಂಡತಿ ಒಬ್ಬಳೇ ಮಗನನ್ನು ಹೇಗೆ ಬೆಳೆಸಿದಳು ಅನ್ನೋದಕ್ಕೆ ಒಂದು ವಾಕ್ಯವೂ ಇಲ್ಲ. ಅದು ನಮಗೆ ಸರಿ ಅನ್ನಿಸಲಿಲ್ಲ.

ಕಲ್ಲು ಕೆತ್ತುವವನ ದಿನ ಹೇಗಿರುತ್ತೆ ಅಂತ ಯೋಚನೆ ಮಾಡಿದರೆ ಮೊದಲು ಬರೋದು ಉಳಿ ಹರಿತ ಮಾಡುವ ಕೆಲಸ. ನಮ್ಮ ಟೀಮಿನಲ್ಲಿ ಗುಬ್ಬಿಯ ಹುಡುಗ ಒಬ್ಬ ಇದ್ದಾನೆ. ಅವನ ಸೋದರಮಾವ ಮನೆ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಮಾಡ್ತಾರೆ. ಅಲ್ಲೊಂದು ಪ್ಲೇನರ್ ಮೆಷೀನು, ಪಕ್ಕದಲ್ಲಿ ಸಣ್ಣ ಜಾಯಿಂಟರು. ಹಳೇ ಬಾಗಿಲ ಹಲಸಿನ ಹಲಗೆಯಲ್ಲಿ ಒಂದು ಮೊಳೆ ಉಳಿದಿದ್ದರೆ ಸಾಕು, ಬ್ಲೇಡಿನ ಬಾಯಿ ಚಕ್ಕೆ ಏಳುತ್ತೆ. ಆಮೇಲೆ ಮೆಷೀನಿಂದ ಹೊರಬರೋ ಪ್ರತಿ ಹಲಗೆ ಮೇಲೂ ಅದೇ ಜಾಗದಲ್ಲಿ ಒಂದು ಉಬ್ಬು ಗೆರೆ. ತುರ್ತಿಗೆ ಎರಡು ಬ್ಲೇಡಲ್ಲಿ ಒಂದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ, ಒಂದು ಬಿಟ್ಟ ಗೆರೆಯನ್ನು ಇನ್ನೊಂದು ಹೆರೆದು ಹಾಕುತ್ತೆ. ಆದರೆ ಅದು ತಾತ್ಕಾಲಿಕ. ಕೊನೆಗೆ ಬ್ಲೇಡು ಬಿಚ್ಚಿ, ಕೋನ ತಪ್ಪದಂತೆ ಮರದ ಕಟ್ಟಿನಲ್ಲಿ ಕೂರಿಸಿ, ಗಾಜಿನ ಮೇಲೆ ಅಂಟಿಸಿದ ಉಪ್ಪುಕಾಗದದಲ್ಲಿ ನಿಧಾನ ಮಸೆಯಬೇಕು. ಎರಡನ್ನೂ ಸಮವಾಗಿ ಮಸೆಯಬೇಕು, ಇಲ್ಲದಿದ್ದರೆ ತೂಕ ಹೆಚ್ಚುಕಮ್ಮಿಯಾಗಿ ತಿರುಗುವಾಗ ನಡುಗುತ್ತೆ. ಅರ್ಧ ದಿನದ ಕೆಲಸ. ಆ ಅರ್ಧ ದಿನದಲ್ಲಿ ಒಂದು ಕುರ್ಚಿ ಕಾಲೂ ತಯಾರಾಗಲ್ಲ.

ಹೈಸ್ಪೀಡ್ ಸ್ಟೀಲಿನ ಬ್ಲೇಡಿಗೆ, ಅದೂ ಮರಕ್ಕೆ, ಇಷ್ಟು ಪಾಡು. ಇನ್ನು ಕಲ್ಲು ಕಡಿಯೋ ಮಾಮೂಲಿ ಉಕ್ಕಿನ ಉಳಿ? ಮೊಂಡಾದ ಉಳಿ ಕಲ್ಲನ್ನು ಕಡಿಯಲ್ಲ, ಜಜ್ಜುತ್ತೆ. ಮಸೆದರಷ್ಟೇ ಸಾಲದು, ಆಗಾಗ ಕುಲುಮೆಯಲ್ಲಿ ಕಾಯಿಸಿ, ತುದಿ ಬಡಿದು, ನೀರಿಗೆ ಅದ್ದಿ ಹದ ಕೊಡಬೇಕು. ಹದ ಜಾಸ್ತಿಯಾದರೆ ತುದಿ ಮುರಿಯುತ್ತೆ, ಕಮ್ಮಿಯಾದರೆ ಮಡಚಿಕೊಳ್ಳುತ್ತೆ. ಟೇಲರನ ಟೂಲ್ ಲೈಫ್ ಸಮೀಕರಣ ನಾವು ಪರೀಕ್ಷೆಗೆ ಬಾಯಿಪಾಠ ಮಾಡ್ತೀವಿ, ಆ ಕುಲುಮೆಯವರಿಗೆ ಅದು ಕಣ್ಣಳತೆಯಲ್ಲೇ ಇತ್ತು. ಹೊಯ್ಸಳರ ಪುಣ್ಯಕ್ಕೆ ಬೇಲೂರಿನದು ಬಳಪದ ಕಲ್ಲು, ಗ್ರಾನೈಟಿಗಿಂತ ಎಷ್ಟೋ ಮೆದು. ಮದನಿಕೆಯರ ಬಳೆ, ಸರ, ಕೂದಲಿನ ಎಳೆ ಇವೆಲ್ಲ ಸಾಧ್ಯವಾಗಿದ್ದು ಕಲ್ಲಿನ ಈ ಗುಣದಿಂದ, ಜೊತೆಗೆ ದಿನಾ ಉಳಿ ಹರಿತ ಮಾಡಿಕೊಟ್ಟ ಕೈಗಳಿಂದ.

ಬೇಲೂರಿನ ಘಟನೆ ನಿಮಗೂ ಗೊತ್ತಿರಬಹುದು. ಕ್ರೀಡಾಪುರದಲ್ಲಿ ಬೆಳೆದ ಮಗ ಡಂಕಣ ತಾನೂ ಶಿಲ್ಪಿಯಾಗಿ, ಅಪ್ಪನನ್ನು ಹುಡುಕಿಕೊಂಡು ಬೇಲೂರಿಗೆ ಬರ್ತಾನೆ. ಜಕಣ ಮುಗಿಸಿದ್ದ ಚೆನ್ನಕೇಶವನ ವಿಗ್ರಹ ನೋಡಿ, ಕಲ್ಲಿನಲ್ಲಿ ದೋಷ ಇದೆ ಅಂತಾನೆ. ಇವನು ಯಾರು ಅಂತ ಅಪ್ಪನಿಗೆ ಗೊತ್ತಿಲ್ಲ, ಅವರು ಯಾರು ಅಂತ ಮಗನಿಗೂ ಗೊತ್ತಿಲ್ಲ. ದೊಡ್ಡ ಹೆಸರಿನವನಿಗೆ ಎಲ್ಲರೆದುರು ಒಬ್ಬ ಚಿಕ್ಕ ಹುಡುಗ ತಪ್ಪು ತೋರಿಸಿದರೆ ಏನಾಗುತ್ತೋ ಅದೇ ಆಯ್ತು. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ತೀನಿ ಅಂತ ಜಕಣ ಪಣ ತೊಟ್ಟುಬಿಟ್ಟ. ಹುಡುಗ ವಾದಕ್ಕೆ ಹೋಗಲಿಲ್ಲ. ವಿಗ್ರಹಕ್ಕೆಲ್ಲ ಗಂಧ ಬಳಿಸಿ ಕಾದ. ಗಂಧ ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಒದ್ದೆಯಾಗೇ ಉಳೀತು. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಒಂದು ಜೀವಂತ ಕಪ್ಪೆ.

ಇದು ಪಕ್ಕಾ ನಾನ್ ಡಿಸ್ಟ್ರಕ್ಟಿವ್ ಟೆಸ್ಟಿಂಗ್. ಎರಕದಲ್ಲಿ ಬಿರುಕು ಹುಡುಕೋಕೆ ಇವತ್ತು ಬಣ್ಣದ ದ್ರವ ಬಳಿದು ನೋಡ್ತಾರಲ್ಲ, ಹೆಚ್ಚುಕಮ್ಮಿ ಅದೇ ಬುದ್ಧಿ. ಕಪ್ಪೆ ವಿಷಯ ಮಾತ್ರ ಕಷ್ಟ. ಕಲ್ಲೊಳಗೆ ಕಪ್ಪೆ ಬದುಕುತ್ತಾ ಅಂತ 1825ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ನಿಜವಾಗಿಯೂ ಪರೀಕ್ಷೆ ಮಾಡಿದ್ದ. ಕಲ್ಲಿನ ಕುಳಿಗಳಲ್ಲಿ ಕಪ್ಪೆಗಳನ್ನು ಮುಚ್ಚಿ ನೆಲದಲ್ಲಿ ಹೂತಿಟ್ಟ. ಒಂದು ವರ್ಷ ಬಿಟ್ಟು ತೆಗೆದಾಗ ಗಟ್ಟಿ ಕಲ್ಲಿನಲ್ಲಿದ್ದವು ಸತ್ತಿದ್ದವು. ಸಣ್ಣ ರಂಧ್ರಗಳ ಕಲ್ಲಿನಲ್ಲಿದ್ದ ಕೆಲವು ಉಳಿದಿದ್ದವು, ಎರಡನೇ ವರ್ಷಕ್ಕೆ ಅವೂ ಇಲ್ಲ. ಪಾಪದ ಕಪ್ಪೆಗಳು. ಆದರೂ ಬೇಲೂರಿನಲ್ಲಿ ಇವತ್ತಿಗೂ ಕಪ್ಪೆ ಚೆನ್ನಿಗರಾಯನ ಗುಡಿ ಇದೆ, ಶಾಂತಲೆ ಕಟ್ಟಿಸಿದ್ದು.

ಜಕಣ ಮಾತಿಗೆ ತಪ್ಪಲಿಲ್ಲ, ಕೈ ಕತ್ತರಿಸಿಕೊಂಡ. ಇಬ್ಬರ ಸಂಬಂಧ ಗೊತ್ತಾಗಿದ್ದು ಆಮೇಲೆ. ಕ್ರೀಡಾಪುರದಲ್ಲಿ ಕೇಶವನ ಗುಡಿ ಕಟ್ಟು ಅಂತ ದೇವರ ಅಪ್ಪಣೆಯಾಯ್ತಂತೆ. ಕಟ್ಟಿ ಮುಗಿಸಿದಾಗ ಕೈ ಬಂತು. ಕೈ ಬಂದ ಊರು ಕೈದಾಳ.

ಇನ್ನು ಶಾಸನ ಏನು ಹೇಳುತ್ತೆ ನೋಡೋಣ. ಕೈದಾಳದ ಗುಡಿ ಕಟ್ಟಿಸಿದ್ದು ಗೂಳೆ ಬಾಚಿ ಅನ್ನೋ ಸಾಮಂತ, ಒಂದನೇ ನರಸಿಂಹನ ಕಾಲದಲ್ಲಿ, ಸುಮಾರು 1150ರಲ್ಲಿ. ಬೇಲೂರಿನ ಪ್ರತಿಷ್ಠೆ 1117. ಬೆಳೆದ ಮಗ ಇದ್ದ ಜಕಣನಿಗೆ ಆಗ ನಲವತ್ತು ಅಂದುಕೊಂಡರೆ ಕೈದಾಳದ ಹೊತ್ತಿಗೆ ಎಪ್ಪತ್ತಮೂರು. ಅಸಾಧ್ಯ ಏನಲ್ಲ, ಆದರೆ ಒಂದು ಕೈಯಲ್ಲಿ ಅಂದರೆ ಯೋಚಿಸಬೇಕು. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತುತ್ತಿದ್ದರು. ರೂವಾರಿ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಕಾಣುತ್ತೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಅಂದರೆ ಬೇಲೂರಿನಲ್ಲಿ ಒಟ್ಟಿಗೆ ದುಡಿದ ಅಪ್ಪ ಮಗ ನಿಜವಾಗಿಯೂ ಇದ್ದರು! ಜಕಣಾಚಾರಿ ಅನ್ನೋದು ದಕ್ಷಿಣಾಚಾರಿ ಅನ್ನುವುದರ ರೂಪ, ಒಬ್ಬನ ಹೆಸರಲ್ಲ ಅನ್ನೋರೂ ಇದ್ದಾರೆ. ನಾಡಿನ ಉದ್ದಕ್ಕೂ ಯಾವ ಹಳೇ ಗುಡಿ ತೋರಿಸಿದರೂ ಜಕಣಾಚಾರಿ ಕಟ್ಟಿದ್ದು ಅಂತಾರೆ. ಅಷ್ಟೆಲ್ಲ ಕಟ್ಟೋಕೆ ಒಂದು ಆಯುಸ್ಸು ಸಾಲದು. 1964ರಲ್ಲಿ ಕನ್ನಡದ ಮೊದಲ ಪೂರ್ಣ ಬಣ್ಣದ ಸಿನಿಮಾ ಬಂದಾಗ ಅದರ ಕಥೆಯೂ ಇವನದೇ.

ಇದ್ದ ಅಂತಲೇ ಇಟ್ಟುಕೊಂಡು ನಾವು ಕ್ಯಾಂಟೀನಲ್ಲಿ ಒಂದು ಲೆಕ್ಕ ಹಾಕಿದ್ವಿ. ಕಲ್ಲು ಕೆತ್ತೋಕೆ ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಉಳಿ ಮಸೆಯೋಕೂ ಎರಡು ಕೈ ಬೇಕು. ಕೈದಾಳದಲ್ಲಿ ಅಪ್ಪ ಎಡಗೈಯಲ್ಲಿ ಉಳಿಯನ್ನು ಗುರುತಿಗೆ ಹಿಡಿದಿರಬೇಕು, ಸುತ್ತಿಗೆ ಏಟು ಮಗನದು. ಮೊಂಡಾದ ಉಳಿಗಳನ್ನು ಕಟ್ಟು ಕಟ್ಟಿ ಕುಲುಮೆಗೆ ಹೊತ್ತುಕೊಂಡು ಹೋಗ್ತಿದ್ದವನೂ ಡಂಕಣನೇ.